ಐಷಾರಾಮಿ ಕಾರಿನ ಹೊಟ್ಟೆಯಡಿ ನಾಗಮಣಿ

ಹಡರ್ಸ್‌ಫೀಲ್ಡಿನಲ್ಲಿ ಅಕ್ಟೋಬರ್ ತಿಂಗಳ ಬೆಳಗೆಂದರೆ ಹೆಸರಿಗಷ್ಟೇ ಬೆಳಗು. ಏಳು ಹೊಡೆದರೂ ಬೀದಿ ದೀಪ ಆರಿರುವುದಿಲ್ಲ, ಚಳಿಯಂತೂ ಕೇಳಲೇಬೇಡಿ. ಲಾಕ್‌ವುಡ್ ಬಡಾವಣೆಯ ಎತ್ತರದ ರೈಲು ಸೇತುವೆಯ ಬುಡದಲ್ಲೊಂದು ಓಣಿ, ಓಣಿಯ ಕೊನೆಗೊಂದು ಹಳೆಯ ಗ್ಯಾರೇಜು. ಅದರ ಕಬ್ಬಿಣದ ಶಟರಿಗೆ ನಾಗಮಣಿ ಎರಡೂ ಕೈ ಕೊಟ್ಟು ಎತ್ತುತ್ತಾರೆ. ಶಟರು ಅರ್ಧಕ್ಕೆ ಬಂದು ಮುಷ್ಕರ ಹೂಡುತ್ತದೆ. ಬೂಟುಗಾಲಿನ ಒಂದು ಒದೆ ಬಿದ್ದ ಮೇಲೆ ಗಡಗಡನೆ ಮೇಲೇರುತ್ತದೆ. "ಇದಕ್ಕೆ ದಿನಾ ಹೀಗೇ ಸುಪ್ರಭಾತ" ಎಂದು ನಗುತ್ತಾ ಅವರು ಒಳಗಿನ ದೀಪ ಹಾಕುತ್ತಾರೆ.

ನಾಗಮಣಿಗೆ ಈಗ ನಲವತ್ತಾರು. ಮೈಮೇಲೆ ಕಡುನೀಲಿ ಬಾಯ್ಲರ್ ಸೂಟು, ಅದರೊಳಗೆ ಎರಡು ಸ್ವೆಟರು, ಜಡೆಯನ್ನು ಸುರುಳಿ ಸುತ್ತಿ ತುರುಕಿದ ಉಲ್ಲನ್ ಟೋಪಿ, ಹಣೆಯಲ್ಲಿ ಚುಕ್ಕಿಯಷ್ಟು ಕುಂಕುಮ. ಮೊದಲ ಗಿರಾಕಿ ಒಂದು ಟ್ಯಾಕ್ಸಿ. ಅದನ್ನು ಲಿಫ್ಟಿನಲ್ಲಿ ಮೇಲೇರಿಸಿ, ಅದರ ಹೊಟ್ಟೆಯಡಿ ನಿಂತು, ಕತ್ತು ಹಿಂದಕ್ಕೆ ಬಾಗಿಸಿ ಟಾರ್ಚು ಬಿಡುತ್ತಾರೆ. ತುಕ್ಕು ಕಂಡಲ್ಲಿ ಬೆರಳಿಂದ ಒತ್ತುತ್ತಾರೆ. ಚಕ್ರ ಹಿಡಿದು ಅಲ್ಲಾಡಿಸುತ್ತಾರೆ. ದಾರಿಯಲ್ಲಿ ಕಾರು ಕುಡಿದುಬಂದ ಮಳೆನೀರು ಸೀದಾ ಅವರ ಕಾಲರಿನೊಳಗೆ ಇಳಿಯುತ್ತದೆ. "ಅಯ್ಯೋ, ಹಾಳಾದ್ದೇ" ಎಂದು ಟ್ಯಾಕ್ಸಿಗೆ ಬೈಗುಳ ಬೀಳುತ್ತದೆ, ಹತ್ತು ನಿಮಿಷದ ಮೇಲೆ ಪಾಸ್ ಸರ್ಟಿಫಿಕೇಟೂ ಸಿಗುತ್ತದೆ.

ಬ್ರಿಟನ್ನಿನಲ್ಲಿ ಮೂರು ವರ್ಷ ತುಂಬಿದ ಕಾರು ವರ್ಷಕ್ಕೊಮ್ಮೆ ಈ ಪರೀಕ್ಷೆಗೆ ಬರಲೇಬೇಕು. ಎಂಒಟಿ ಎಂದು ಎಲ್ಲರ ಬಾಯಲ್ಲಿ. ನಮ್ಮ ಕಡೆ ಲಾರಿ, ಟೆಂಪೋಗಳಿಗೆ ಮಾಡಿಸುವ ಎಫ್‌ಸಿ ಇದೆಯಲ್ಲ, ಅದರ ಅಣ್ಣ ಎನ್ನಿ. ಆದರೆ ಇಲ್ಲಿ ಪರೀಕ್ಷೆ ಮಾಡುವವರಿಗೆ ಒಂದು ಕಟ್ಟುಪಾಡಿದೆ. ಪರೀಕ್ಷೆಯ ಹೊತ್ತಿನಲ್ಲಿ ಏನನ್ನೂ ಬಿಚ್ಚುವಂತಿಲ್ಲ. "ಕಣ್ಣಲ್ಲಿ ನೋಡಬೇಕು, ಕೈಯಲ್ಲಿ ಅಲ್ಲಾಡಿಸಬೇಕು, ಮೂಗು ಕಿವಿ ತೆರೆದಿಟ್ಕೊಂಡಿರಬೇಕು, ಅಷ್ಟೇ" ಎನ್ನುತ್ತಾರೆ ನಾಗಮಣಿ. "ಒಂಥರಾ ಹೆಣ್ಣು ನೋಡೋಕೆ ಬಂದವರ ಹಾಗೆ. ಉಪ್ಪಿಟ್ಟು ತಿಂದು, ಎರಡು ಮಾತಾಡಿಸಿ, ಅಷ್ಟರಲ್ಲೇ ತೀರ್ಮಾನ ಮಾಡ್ಬೇಕು. ತಪ್ಪು ತೀರ್ಮಾನ ಮಾಡಿದ್ರೆ ಇಲ್ಲಿ ಜೀವ ಹೋಗುತ್ತೆ."

ದಿನಕ್ಕೆ ಏಳೆಂಟು ಕಾರು ಅವರ ಕೈ ದಾಟುತ್ತವೆ. ಸಂಜೆಗೆ ಕತ್ತು, ಮಂಡಿ ಎರಡೂ ತಮ್ಮವಲ್ಲ. ಗಂಡ ಅಚ್ಯುತ ಲೀಡ್ಸಿನ ಒಂದು ಐಟಿ ಕಂಪನಿಯಲ್ಲಿ ಸಾಫ್ಟ್‌ವೇರ್ ಟೆಸ್ಟರ್. "ಮನೇಲಿ ಇಬ್ಬರೂ ಟೆಸ್ಟರ್‌ಗಳೇ. ಅವರಿಗೇನು, ಬಗ್ ಉಳಿದ್ರೆ ಮುಂದಿನ ರಿಲೀಸಲ್ಲಿ ಸರಿ ಮಾಡ್ತೀವಿ ಅಂತಾರೆ. ನಾನು ಬಿಟ್ಟ ಬಗ್ಗು ಮೋಟರ್‌ವೇಲಿ ಎಪ್ಪತ್ತು ಮೈಲಿ ಸ್ಪೀಡಲ್ಲಿ ಹೋಗ್ತಿರುತ್ತೆ" ಎಂದು ಗಂಡನ ಕಾಲೆಳೆಯುತ್ತಾರೆ. ಇಲ್ಲೇ ಹುಟ್ಟಿ ಬೆಳೆದ ಮಗಳು ಸೃಷ್ಟಿ ಅಮ್ಮನ ಕನ್ನಡ ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು. ಮನೆಗೆ ಬಂದ ಅಮ್ಮನನ್ನು ಅಪ್ಪಿಕೊಳ್ಳುವ ಮೊದಲು "ಮಮ್, ಶವರ್ ಫಸ್ಟ್" ಎನ್ನುವುದು ಅವಳ ನಿತ್ಯದ ಮಂತ್ರ.

ಕಬ್ಬಿಣ, ಗ್ರೀಸು ನಾಗಮಣಿಗೆ ಹೊಸದಲ್ಲ. ತಂದೆ ಕೆಂಪಣ್ಣನವರದ್ದು ಬೆಂಗಳೂರಿನ ಯಶವಂತಪುರದಲ್ಲಿ, ಲಾರಿಗಳು ನಿಲ್ಲುವ ಜಾಗದ ಪಕ್ಕ, ಬ್ರೇಕ್ ಲೈನಿಂಗ್ ಅಂಗಡಿ. ಶಾಲೆ ಬಿಟ್ಟ ಹುಡುಗಿ ಅಲ್ಲೇ ಗೋಣಿಚೀಲದ ಮೇಲೆ ಕೂತು ಹೋಂವರ್ಕ್ ಮಾಡುತ್ತಿದ್ದಳು. ಹಟ ಹಿಡಿದು ಆಟೊಮೊಬೈಲ್ ಡಿಪ್ಲೊಮಾ ಮಾಡಿದರು. ಮದುವೆಯಾಗಿ ಇಂಗ್ಲೆಂಡಿಗೆ ಬಂದರು. ಆ ಡಿಪ್ಲೊಮಾ ಇಲ್ಲಿ ಯಾರಿಗೂ ಬೇಕಿರಲಿಲ್ಲ. ಕೊನೆಗೆ ಈ ಗ್ಯಾರೇಜಿನಲ್ಲಿ ಫೋನ್ ಎತ್ತಿ ಅಪಾಯಿಂಟ್‌ಮೆಂಟ್ ಬರೆದುಕೊಳ್ಳುವ ಕೆಲಸ ಸಿಕ್ಕಿತು. ಮಾಲೀಕ ಕೀತ್ ಅಪ್ಪಟ ಯಾರ್ಕ್‌ಶೈರಿನವರು, ಮಾತು ಕಡಿಮೆ, ಟೀ ಜಾಸ್ತಿ. ಅವರ ಹಳೆಯ ಟೆಸ್ಟರ್ ಬೆನ್ನುನೋವಿನಿಂದ ಕೆಲಸ ಬಿಟ್ಟಾಗ, "ನೀನೇ ಯಾಕೆ ಕಲಿಯಬಾರದು, ಲವ್?" ಎಂದು, ಎದುರಿಗಿದ್ದವರನ್ನೆಲ್ಲ ಲವ್ ಎಂದೇ ಕರೆಯುವ ಕೀತ್ ಅರ್ಧ ತಮಾಷೆಗೆ ಕೇಳಿದರಂತೆ. ನಾಗಮಣಿ ತಮಾಷೆಯ ಅರ್ಧವನ್ನು ಬಿಟ್ಟು ಉಳಿದದ್ದನ್ನು ಗಟ್ಟಿಯಾಗಿ ಹಿಡಿದುಕೊಂಡರು. ಸಂಜೆ ಕಾಲೇಜು, ಹಗಲು ಸ್ಪಾನರು, ಮಧ್ಯೆ ಮಗು. ವರ್ಷಗಳೇ ಹಿಡಿದವು. ಟೆಸ್ಟರ್ ಆಗುವ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಮೊದಲ ಸಲ ಡುಮ್ಕಿ ಹೊಡೆದರು. "ನಾನೂ ಫೇಲಾದವಳೇ, ಅದಕ್ಕೇ ಫೇಲಾದವರ ಮುಖ ನೋಡೋಕೆ ನನಗೆ ಸಂಕಟ" ಎನ್ನುತ್ತಾರೆ.

ಟೆಸ್ಟರ್ ಆದ ಮೇಲಾದರೂ ಹಾದಿ ಸಲೀಸಾಯಿತೆ? ಎಲ್ಲಿಯ ಮಾತು! ಬಂದವರು ಇವರ ಎದುರಿಗೇ ನಿಂತು, ಇವರ ಭುಜದಾಚೆ ಇಣುಕಿ, "ಟೆಸ್ಟರ್ ಎಲ್ಲಿ?" ಎಂದು ಕೇಳುತ್ತಿದ್ದರು. ಬಿಳಿಯರಷ್ಟೇ ಅಲ್ಲ, ನಮ್ಮವರೂ ಅಷ್ಟೇ. ಕನ್ನಡ ಕೂಟದ ಊಟದ ಸಾಲಿನಲ್ಲಿ ಯಾರೋ ಒಬ್ಬರು, "ಓ, ಗ್ಯಾರೇಜಲ್ಲಾ? ಅಕೌಂಟ್ಸ್ ನೋಡ್ಕೋತೀರಾ?" ಎಂದರು. "ಇಲ್ಲ, ಕಾರಿನ ತಳ ನೋಡ್ಕೋತೀನಿ" ಎಂದರು ನಾಗಮಣಿ. ಎದುರಿನವರು ಪಲ್ಯದ ಕಡೆ ತಿರುಗಿದರು. "ಅರಿಶಿನ ಕುಂಕುಮ ತಗೊಳ್ಳುವಾಗ ಉಗುರಲ್ಲಿ ಕಪ್ಪು ಕಾಣ್ಸುತ್ತಲ್ಲ, ಕೈ ಮಡಚ್ಕೋತಿದ್ದೆ. ನಾಚಿಕೆ ಆಗ್ತಿತ್ತು, ಸುಳ್ಳು ಹೇಳಲ್ಲ."

ಈಗ ಈ ಶನಿವಾರದ ಕಥೆಗೆ ಬರೋಣ. ಕೀತ್‌ಗೆ ಎಪ್ಪತ್ತೊಂದಾಯಿತು, ಕ್ರಿಸ್‌ಮಸ್ಸಿಗೆ ನಿವೃತ್ತಿ. ಕಟ್ಟಡದ ಮಾಲೀಕನಿಗೆ ಈ ಜಾಗದಲ್ಲಿ ಜಿಮ್ ಮಾಡುವ ಆಸೆ. ಈ ತಿಂಗಳ ಕೊನೆಯೊಳಗೆ ಕೀತ್ ಅವನಿಗೆ ಎರಡರಲ್ಲೊಂದು ಹೇಳಬೇಕು: ಗ್ಯಾರೇಜು ನಾಗಮಣಿ ಕೈಗೆ ಹೋಗುತ್ತದೆ, ಇಲ್ಲವೇ ಬಾಗಿಲು ಹಾಕುತ್ತದೆ. ನಾಗಮಣಿಯ ಕೆಲಸದ ಮೇಲೆ ಕೀತ್‌ಗೆ ಅನುಮಾನವಿಲ್ಲ. ಅನುಮಾನ ಗಿರಾಕಿಗಳ ಮೇಲೆ. ಅಷ್ಟು ವರ್ಷ ಕೀತ್ ಮುಖ ನೋಡಿ ಬಂದವರು ಕೀತ್ ಹೋದ ಮೇಲೆ ಬರುತ್ತಾರೆಯೇ? ಅದು ತಿಳಿಯುವುದು ಟ್ರೆವಾನಿ ಶನಿವಾರದಂದು ಎಂದು ಅವರ ಲೆಕ್ಕ. "ಇವತ್ತು ನಾನು ಮೂಲೆಯ ಕುರ್ಚಿ ಇದ್ದ ಹಾಗೆ. ನನ್ನನ್ನು ಯಾರೂ ಮಾತಾಡಿಸಬೇಡಿ" ಎಂದು ಮಗ್ಗು ಹಿಡಿದು ಕೂತುಬಿಟ್ಟಿದ್ದಾರೆ.

ಟ್ರೆವಾನಿ ಎಂದರೆ ಎರಡೇ ಸೀಟಿನ, ನೆಲಕ್ಕೆ ಹೊಟ್ಟೆ ತಾಗುವಂಥ ಐಷಾರಾಮಿ ಸ್ಪೋರ್ಟ್ಸ್ ಕಾರು. ಬೆಲೆ ಕೇಳಿದರೆ ಆ ಚಳಿಯಲ್ಲೂ ಬೆವರು ಬರುತ್ತದೆ. ಸುತ್ತಲಿನ ಊರುಗಳ ಏಳೆಂಟು ಮಂದಿ ಟ್ರೆವಾನಿ ಮಾಲೀಕರು ಒಂದು ಬಳಗ ಕಟ್ಟಿಕೊಂಡಿದ್ದಾರೆ. ಡಾಕ್ಟರುಗಳು, ಎಂಜಿನಿಯರುಗಳು, ಅವರಲ್ಲಿ ಕನ್ನಡಿಗರೂ ಕೆಲವರು. ಪ್ರತಿ ಅಕ್ಟೋಬರಿನ ಒಂದು ಶನಿವಾರ ಎಲ್ಲರೂ ಕೂಡಿ ಇಲ್ಲಿಗೇ ಬಂದು ಎಂಒಟಿ ಮಾಡಿಸಿಕೊಳ್ಳುವುದು ರೂಢಿ. ಅವರು ನಂಬಿದ ಗ್ಯಾರೇಜೆಂದು ಊರೂ ನಂಬುತ್ತದೆ. ಎಂಟರ ಹೊತ್ತಿಗೆ ಅವು ಒಂದರ ಹಿಂದೊಂದು ಓಣಿಗಿಳಿಯುತ್ತವೆ. ಓಣಿಯ ಬಾಯಲ್ಲೊಂದು ರಸ್ತೆಯುಬ್ಬು ಇದೆ. ತುಂಬು ಗರ್ಭಿಣಿ ಮೆಟ್ಟಿಲಿಳಿಯುವ ಹಾಗೆ, ಓರೆಯಾಗಿ, ಒಂದೊಂದೇ ಚಕ್ರ ಹತ್ತಿಸಿ ಇಳಿಸಿ ಬರುವುದನ್ನು ನೋಡಬೇಕು. ಟ್ಯಾಕ್ಸಿ ಡ್ರೈವರು ಸಿಗರೇಟು ಮರೆತು ನಿಂತು ನೋಡುತ್ತಾನೆ.

ಇಷ್ಟು ದುಡ್ಡಿನ ಕಾರು ಪರೀಕ್ಷೆಯಲ್ಲಿ ಹೇಗೆ? ನಾಗಮಣಿ ಕೈಯಲ್ಲಿ ಟ್ರೆವಾನಿಗಳ ಜಾತಕವೇ ಇದೆ. "ಹೆಚ್ಚಿನವು ಪಾಸಾಗ್ತವೆ, ಯಾಕಂದ್ರೆ ಮನೆಯವರು ಮಗು ಥರ ನೋಡ್ಕೋತಾರೆ. ಆದ್ರೆ ಫೇಲಾದ್ರೆ ಚಿಲ್ಲರೆ ವಿಷಯಕ್ಕೇ. ಜನ ಎಂಜಿನ್ ಎಂಜಿನ್ ಅಂತಾರೆ, ಎಂಜಿನ್ ಎಷ್ಟು ಗಟ್ಟಿ ಅಂತ ನಮ್ಮ ಟೆಸ್ಟಲ್ಲಿ ಕೇಳೋದೇ ಇಲ್ಲ. ಹೊಗೆ ಸರಿ ಇದ್ರೆ ಆಯ್ತು. ಟೈರಿನ ಒಳಅಂಚು ಸವೆದಿರುತ್ತೆ, ಬಗ್ಗಿ ನೋಡಿರಲ್ಲ. ವೈಪರ್ ಒಣಗಿ ಕಡ್ಡಿಯಾಗಿರುತ್ತೆ. ಚಂದ ಕಾಣ್ಲಿ ಅಂತ ನಂಬರ್ ಪ್ಲೇಟ್ ಅಕ್ಷರ ಬದಲಾಯಿಸಿರ್ತಾರೆ. ಎಲ್ಲಕ್ಕಿಂತ ಹೆಚ್ಚು ಅಂದ್ರೆ, ಓಡದೇ ಕೂತು ಕೆಡುತ್ತೆ ಈ ಕಾರು. ಬ್ರೇಕ್ ಡಿಸ್ಕಿಗೆ ತುಕ್ಕು. ಟ್ಯಾಕ್ಸಿ ನೋಡಿ, ದಿನಾ ಓಡುತ್ತೆ, ಡಿಸ್ಕು ಲಕಲಕ ಅನ್ನುತ್ತೆ." ವಾರಕ್ಕೊಮ್ಮೆಯಾದರೂ ಆಚೆ ತೆಗೆಯಿರಿ ಎಂದು ಬಳಗದವರಿಗೆ ವರ್ಷವರ್ಷವೂ ಹೇಳುತ್ತಾರೆ. ಅವರು ವರ್ಷವರ್ಷವೂ ತಲೆಯಾಡಿಸುತ್ತಾರೆ.

ಈ ಸಲ ಮೊದಲ ಟ್ರೆವಾನಿ ಸರಾಗ ಪಾಸು. ಎರಡನೆಯದು ಬಳಗದ ಅಧ್ಯಕ್ಷರದ್ದು. ಡಾ. ಲಕ್ಷ್ಮೀನಾರಾಯಣ, ಮೈಸೂರಿನವರು, ಲೀಡ್ಸಿನ ಆಸ್ಪತ್ರೆಯೊಂದರಲ್ಲಿ ಅರಿವಳಿಕೆ ತಜ್ಞರು. ಮನೆ ಇಲ್ಲೇ ಮೇಲಿನ ಲಿಂಡ್ಲಿಯಲ್ಲಿ, ಹತ್ತು ನಿಮಿಷದ ಹಾದಿ. ಪಕ್ಕದ ಸೀಟಿನಿಂದ ಅವರ ತಾಯಿ ಚಂದ್ರಪ್ರಭಾ ಇಳಿಯುತ್ತಾರೆ. ಇಳಿಯುತ್ತಾರೆ ಎಂದರೆ ತಪ್ಪಾದೀತು, ಮಗ ಕೈ ಹಿಡಿದು ಬಾವಿಯಿಂದ ಎತ್ತಿದ ಹಾಗೆ ಎತ್ತುತ್ತಾರೆ. ಎಪ್ಪತ್ತೆಂಟರ ಹಿರಿಯ ಜೀವ, ನಿವೃತ್ತ ಹೆಡ್‌ಮಿಸ್ಟ್ರೆಸ್, ಮಗನ ಮನೆಗೆ ಬಂದು ಮೂರು ತಿಂಗಳಾಗಿದೆ. ಪರೀಕ್ಷೆ ಮುಗಿಸಿ ಸೀದಾ ಸಾಲ್ಫರ್ಡಿನಲ್ಲಿರುವ ಮೊಮ್ಮಗಳು ಚಿನ್ಮಯಿಯ ಮನೆಗೆ ಹೋಗುವ ಏರ್ಪಾಟು. ನಡುವೆ ಬೆಟ್ಟ ಹತ್ತಿ ಇಳಿಯುವ ಮೋಟರ್‌ವೇ. "ಈ ಕಾರಿನಲ್ಲಿ ಕೂತರೆ ನೆಲದ ಮೇಲೆ ಚಾಪೆ ಹಾಸ್ಕೊಂಡು ಹೋದಂಗಿರುತ್ತೆ ಕಣಮ್ಮ" ಎಂದು ನಾಗಮಣಿಗೆ ಹೇಳಿ, ಫ್ಲಾಸ್ಕ್ ಹಿಡಿದು ಕೀತ್ ಪಕ್ಕದ ಬೆಂಚಿನಲ್ಲಿ ಕೂರುತ್ತಾರೆ.

ದೀಪ ಸರಿ, ಟೈರು ಸರಿ, ತಳ ಸರಿ. ಉಳಿದದ್ದು ಬ್ರೇಕು. ಅದಕ್ಕೆ ನೆಲದಲ್ಲಿ ಜೋಡಿ ರೋಲರುಗಳಿವೆ. ಮುಂದಿನ ಚಕ್ರಗಳನ್ನು ಅವುಗಳ ಮೇಲೆ ನಿಲ್ಲಿಸಿದರೆ ರೋಲರು ತಿರುಗುತ್ತದೆ, ಬ್ರೇಕ್ ಒತ್ತಿದರೆ ಗೋಡೆಯ ಮೇಲಿನ ಎರಡು ಮುಳ್ಳುಗಳು ಎಡಗಾಲಿಯ ಬಲ, ಬಲಗಾಲಿಯ ಬಲ ತೋರಿಸುತ್ತವೆ. ನಾಗಮಣಿ ಮೆಲ್ಲಗೆ ಪೆಡಲ್ ಒತ್ತುತ್ತಾರೆ. ಎಡದ ಮುಳ್ಳು ಸರ್ರನೆ ಏರುತ್ತದೆ. ಬಲದ್ದು ಅದರ ಅರ್ಧಕ್ಕೂ ಬರದೆ ಒದ್ದಾಡುತ್ತದೆ. ಮತ್ತೊಮ್ಮೆ ಒತ್ತುತ್ತಾರೆ, ಅದೇ ಕಥೆ. ಆಗ ಮೂಗಿಗೆ ಒಂದು ವಾಸನೆ ಬಡಿಯುತ್ತದೆ. ಗ್ಯಾರೇಜಿನಲ್ಲಿ ಬರಬಾರದ ವಾಸನೆ. ದೇವಸ್ಥಾನದಲ್ಲಿ ದೀಪದ ಬತ್ತಿ ಕರಕಾದಾಗ ಬರುತ್ತದಲ್ಲ, ಅದು. ಕಾರಿನಿಂದಿಳಿದು ಬಲಗಾಲಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಟಾರ್ಚು ಬಿಡುತ್ತಾರೆ. ಟ್ರೆವಾನಿಯ ಗಾಲಿಗಳಲ್ಲಿ ಕಡ್ಡಿಗಳ ನಡುವೆ ಅಂಗೈ ತೂರುವಷ್ಟು ಸಂದು, ಒಳಗಿನ ಡಿಸ್ಕು ಕನ್ನಡಿಯಂತೆ ಕಾಣುವುದೇ ಆ ಕಾರಿನ ಠೀವಿ. ಆ ಡಿಸ್ಕಿನ ಮೇಲೆ ಹಳದಿ ಬಣ್ಣದ ಎಣ್ಣೆ ಮಿರಮಿರ ಮಿಂಚುತ್ತಿದೆ.

ಎಣ್ಣೆಯಲ್ಲಿ ಕಲಸಿದ ಅರಿಶಿನ. ಮೊನ್ನೆ ತಾನೇ ಆಯುಧಪೂಜೆ ಕಳೆದಿದೆ. ನಾಗಮಣಿ ತಲೆಯೆತ್ತಿ ಬೆಂಚಿನ ಕಡೆ ನೋಡುತ್ತಾರೆ. ಫ್ಲಾಸ್ಕಿನ ಮುಚ್ಚಳಕ್ಕೆ ಕಾಫಿ ಬಗ್ಗಿಸುತ್ತಿರುವ ಚಂದ್ರಪ್ರಭಾ ಅವರ ಬೆರಳ ತುದಿಗಳು ಹಳದಿಯಾಗಿವೆ.

"ಆಗ ನನ್ನ ತಲೇಲಿ ಎರಡು ಯೋಚನೆ ಬಂತು, ಎರಡೂ ಕೆಟ್ಟವೇ" ಎಂದು ನಾಗಮಣಿ ಆಮೇಲೆ ಹೇಳುತ್ತಾರೆ. ಒಂದು, ಇನ್ನೊಂದೈದಾರು ಸಲ ಬ್ರೇಕನ್ನು ಗಟ್ಟಿಯಾಗಿ ಒತ್ತಿದರೆ ಡಿಸ್ಕು ಕಾದು ಮೇಲಿನ ಎಣ್ಣೆ ಉರಿದುಹೋಗುತ್ತದೆ, ಮುಳ್ಳು ಮೇಲೇಳುತ್ತದೆ, ಕಾರು ಪಾಸಾಗುತ್ತದೆ, ಎಲ್ಲರೂ ನಗುನಗುತ್ತಾ ಹೋಗುತ್ತಾರೆ. ಆದರೆ ಡಿಸ್ಕನ್ನು ಒತ್ತಿ ಹಿಡಿಯುವ ಪ್ಯಾಡಿನೊಳಕ್ಕೆ ಇಳಿದ ಎಣ್ಣೆ? ಯಶವಂತಪುರದ ಅಂಗಡಿಗೆ ಎಣ್ಣೆ ಕುಡಿದ ಲೈನಿಂಗ್ ತಂದು, ಸುಟ್ಟು ಒಣಗಿಸಿ ಕೊಡಿ ಸಾಕು ಎನ್ನುವ ಡ್ರೈವರುಗಳಿಗೆ ಕೆಂಪಣ್ಣ ಒಪ್ಪುತ್ತಿರಲಿಲ್ಲ. "ನನ್ನೆದುರು ನಿಲ್ಲುತ್ತೆ, ಘಾಟಿ ಇಳಿಯುವಾಗ ಕೈ ಕೊಡುತ್ತೆ, ತಗೊಂಡು ಹೋಗಯ್ಯ" ಎಂದು ಬೈದು ಕಳಿಸುತ್ತಿದ್ದರು. ಈ ಕಾರೂ ಇವತ್ತೇ ಘಾಟಿ ಇಳಿಯಬೇಕು. ಹಾಗಾಗಿ ಆ ಯೋಚನೆ ಅಲ್ಲಿಗೇ ಮುಗಿಯಿತು. ಎರಡನೆಯದು, ಕಾರನ್ನು ಫೇಲ್ ಮಾಡಿ, ಬಳಗದ ಅಷ್ಟೂ ಜನರೆದುರು "ನಿಮ್ಮ ತಾಯಿ ಮಾಡಿದ ಕೆಲಸ ನೋಡಿ" ಎಂದುಬಿಡುವುದು. ತಮ್ಮ ತಲೆ ಉಳಿಯುತ್ತದೆ, ಗ್ಯಾರೇಜೂ ಉಳಿಯುತ್ತದೆ. ಆದರೆ ಭಕ್ತಿಯಿಂದ ಮಾಡಿದ ಪೂಜೆಗೆ ಆ ಹಿರಿಯರು ಹತ್ತು ಜನರೆದುರು ತಲೆತಗ್ಗಿಸಬೇಕು.

ನಾಗಮಣಿ ಮೊದಲನೆಯದನ್ನೂ ಮಾಡುವುದಿಲ್ಲ, ಎರಡನೆಯದನ್ನೂ ಮಾಡುವುದಿಲ್ಲ. ಕಂಪ್ಯೂಟರಿನ ಮುಂದೆ ಹೋಗಿ ಕಂಡದ್ದನ್ನು ಕಂಡ ಹಾಗೆ ದಾಖಲಿಸುತ್ತಾರೆ. ಮುಂದಿನ ಬ್ರೇಕುಗಳ ನಡುವೆ ಭಾರಿ ಅಂತರ, ಅಪಾಯಕಾರಿ. ಆ ಪದ ಬಿದ್ದರೆ ಕಾರನ್ನು ರಸ್ತೆಗಿಳಿಸುವಂತೆಯೇ ಇಲ್ಲ, ರಿಪೇರಿಯಾಗುವ ತನಕ ಅಲ್ಲೇ ಬಿಟ್ಟು ಹೋಗಬೇಕು.

ಡಾಕ್ಟರ ಮುಖ ಕೆಂಪೇರುತ್ತದೆ. "ಅಪಾಯಕಾರೀನಾ? ನಾಗಮಣಿ ಅವ್ರೇ, ಕಂಪನಿ ಸರ್ವಿಸ್ ಆಗಿ ಎರಡು ತಿಂಗಳೂ ಆಗಿಲ್ಲ!"

"ಬಲಗಡೆ ಡಿಸ್ಕ್ ಮೇಲೆ ಎಣ್ಣೆ ಇದೆ, ಡಾಕ್ಟ್ರೇ. ಪ್ಯಾಡ್ ಬದಲಾಯಿಸ್ಬೇಕು."

"ಎಣ್ಣೆನಾ? ಎಲ್ಲಿಂದ ಬರುತ್ತೆ ಎಣ್ಣೆ?"

"ಎಲ್ಲಿಂದ ಬಂತು ಅಂತ ಹೇಳೋದು ನನ್ನ ಕೆಲಸ ಅಲ್ಲ. ಇದೆ ಅಂತ ಹೇಳೋದಷ್ಟೇ ನನ್ನ ಕೆಲಸ."

"ಮನೆಯಿಂದ ಸರಿಯಾಗಿ ಬಂದ ಕಾರು ನಿಮ್ಮ ಗ್ಯಾರೇಜಿಗೆ ಕಾಲಿಟ್ಟ ಮೇಲೆ ಎಣ್ಣೆ ಆಯ್ತು ಅಂದ್ರೆ, ನಿಮ್ಮ ಲಿಫ್ಟಿಂದಲೇ ಸುರೀತೋ ಏನೋ! ಕೀತ್ ಮುಂದೆ ನಿಂತು ನೋಡ್ಕೋತಿದ್ದಾಗ ಒಂದು ವರ್ಷವೂ ಹೀಗಾಗಿರಲಿಲ್ಲ."

ಇದು ಸಣ್ಣ ಮಾತಲ್ಲ. ಪರೀಕ್ಷೆಗೆ ಬಂದ ಕಾರನ್ನು ಗ್ಯಾರೇಜಿನವರೇ ಕೆಡಿಸಿದರೆಂಬ ಸುದ್ದಿ ಬಳಗದಲ್ಲಿ ಹಬ್ಬಿತೋ, ಜಿಮ್ಮಿನವರು ನಾಳೆಯೇ ಟ್ರೆಡ್‌ಮಿಲ್ ತಂದಿಳಿಸಬಹುದು. ಬಾಗಿಲಲ್ಲಿ ನಿಂತವರ ನಡುವೆ ಗುಸುಗುಸು ಏಳುತ್ತದೆ. ಸರದಿಯಲ್ಲಿ ಮೂರನೆಯವರಾದ ಸುಮುಖ್, ಸಾಲ್ಫರ್ಡಿನ ಟಿವಿ ಸಂಸ್ಥೆಯೊಂದರ ಎಂಜಿನಿಯರು, "ಡಾಕ್ಟ್ರೇ, ಬ್ರಾಡ್‌ಫರ್ಡಲ್ಲಿ ನಂಗೊತ್ತಿರೋ ಒಂದು ಜಾಗ ಇದೆ. ಬೇಕಾದ್ರೆ ಎಲ್ಲರೂ ಅಲ್ಲಿಗೇ ಹೋಗೋಣ" ಎಂದು ಕೀಲಿ ಕೈಗೆತ್ತಿಕೊಳ್ಳುತ್ತಾರೆ. ಕೀತ್ ಕುರ್ಚಿ ಬಿಟ್ಟೇಳುವುದಿಲ್ಲ. ನಾಗಮಣಿ ಒಂದೇ ಒಂದು ಮಾತು ಆಡಿದರೆ ಎಲ್ಲ ಸರಿಹೋಗುತ್ತದೆ. ಆ ಮಾತು ನಾಲಿಗೆಯ ತುದಿಯಲ್ಲಿದೆ. ಅವರು ಬೆಂಚಿನ ಕಡೆ ನೋಡದೆ, ರೋಲರಿನ ಕಡೆ ನೋಡುತ್ತಾ ಸುಮ್ಮನೆ ನಿಂತಿದ್ದಾರೆ.

"ನಾಣಿ, ಬಾಯ್ಮುಚ್ಚು!"

ಡಾಕ್ಟರು ಬೆಚ್ಚಿ ತಿರುಗುತ್ತಾರೆ. ಹೆಡ್‌ಮಿಸ್ಟ್ರೆಸ್ ಗಂಟಲು ನಿವೃತ್ತಿಯಾಗಿ ಇಪ್ಪತ್ತು ವರ್ಷವಾದರೂ ಕೆಟ್ಟಿಲ್ಲ. ಚಂದ್ರಪ್ರಭಾ ಶಾಲು ಸರಿಮಾಡಿಕೊಳ್ಳುತ್ತಾ ಎದ್ದು ಬಂದು, ಬಲಗಾಲಿಯ ಮುಂದೆ ನಿಂತು ಮೂಗರಳಿಸುತ್ತಾರೆ.

"ಇದು ಎಳ್ಳೆಣ್ಣೆ. ಆಗಿಂದ ವಾಸನೆ ಬರ್ತಾ ಇದೆ, ಎಲ್ಲಿಂದಪ್ಪಾ ಅಂದ್ಕೋತಿದ್ದೆ. ಯಾವ ಲಿಫ್ಟಿಂದಲೂ ಎಳ್ಳೆಣ್ಣೆ ಸುರಿಯಲ್ಲ. ನಾನೇ ಹಚ್ಚಿದ್ದು."

"ಅಮ್ಮಾ?"

"ಹಬ್ಬದ ದಿನವೂ ಹಚ್ಚಿದೆ, ಇವತ್ತು ಬೆಳಿಗ್ಗೆಯೂ ಹಚ್ಚಿದೆ. ನೀನೇ ತಾನೇ ಹೇಳಿದ್ದು, ಕಾರಿಗೆ ಇವತ್ತು ಪರೀಕ್ಷೆ ಅಂತ? ಪರೀಕ್ಷೆಗೆ ಹೋಗೋ ಮಗೂಗೆ ಹಣೆಗಿಟ್ಟು ಕಳಿಸಲ್ವಾ? ಚಕ್ರದೊಳಗೆ ಬೆಳ್ಳಿ ತಟ್ಟೆ ಥರ ಹೊಳೀತಿತ್ತು, ಅಲ್ಲಿಗೂ ಬಳಿದೆ. ಆ ಕಡೆಯದಕ್ಕೂ ಬಳೀತಿದ್ದೆ, ಗೋಡೆಗೆ ಅಂಟಿಸಿ ನಿಲ್ಲಿಸಿದ್ದೆ ನೀನು, ಕೈ ಹೋಗಲಿಲ್ಲ."

ಎಲ್ಲರ ಕಣ್ಣೂ ಅವರ ಹಳದಿ ಬೆರಳುಗಳ ಮೇಲೆ ಹೋಗುತ್ತದೆ. ಆಮೇಲೆ ಸುಮುಖ್‌ಗೆ ನಗು ತಡೆಯಲಾಗುವುದಿಲ್ಲ, ಅದು ಎಲ್ಲರಿಗೂ ಅಂಟುತ್ತದೆ. ಎಲ್ಲರಿಗಿಂತ ಹೆಚ್ಚು ನಗುವವರು ಚಂದ್ರಪ್ರಭಾ ಅವರೇ. "ನಾಲ್ಕು ಚಕ್ರಕ್ಕೂ ಬಳಿದಿದ್ರೆ ಪಾಸಾಗ್ತಿತ್ತೇನೋ ಅಲ್ವೇನಮ್ಮ?" "ಆಗ ಗಾಡಿ ನಿಲ್ತಾನೇ ಇರಲಿಲ್ಲ ಅಮ್ಮ, ನಮ್ಮ ಗೋಡೆ ಒಡ್ಕೊಂಡು ಹೋಗ್ತಿತ್ತು" ಎನ್ನುತ್ತಾರೆ ನಾಗಮಣಿ. ಇಂಗ್ಲಿಷಿನಲ್ಲಿ ವಿವರಣೆ ಕೇಳಿದ ಕೀತ್ ಟೀ ಮಗ್ಗಿನಲ್ಲೇ ಕೆಮ್ಮುತ್ತಾರೆ.

ನಗದವರು ಡಾಕ್ಟರೊಬ್ಬರೇ. ಅವರು ನಾಗಮಣಿಯ ಹತ್ತಿರ ಬರುತ್ತಾರೆ. "ನಿಮಗೆ ಗೊತ್ತಿತ್ತು, ಅಲ್ವಾ? ಯಾಕೆ ಹೇಳಲಿಲ್ಲ?"

"ಅಮ್ಮ ಅಲ್ಲೇ ಕೂತಿದ್ರಲ್ಲ, ಡಾಕ್ಟ್ರೇ."

ಡಾಕ್ಟರು ತಾಯಿಯ ಕಡೆಗೊಮ್ಮೆ ನೋಡಿ ಇತ್ತ ತಿರುಗುತ್ತಾರೆ. "ಆಪರೇಷನ್ ಥಿಯೇಟರಲ್ಲಿ ಪೇಷೆಂಟ್‌ನ ನೋಡಿ, ಇವತ್ತು ಬೇಡ, ನಾನು ಮಲಗಿಸಲ್ಲ ಅಂತ ಎಷ್ಟೋ ಸಲ ಹೇಳಿದೀನಿ. ಸರ್ಜನ್‌ಗಳು ಹೀಗೇ ಮೇಲೆ ಬೀಳ್ತಾರೆ. ಮನೆಗೆ ಹೋಗಿ ಅವರನ್ನ ಬೈಕೋತೀನಿ. ಇವತ್ತು ನಾನೇ ಹಾಗೆ ಮಾಡಿಬಿಟ್ಟೆ. ತಪ್ಪಾಯ್ತು" ಎಂದು ಎಲ್ಲರಿಗೂ ಕೇಳುವಂತೆ ಹೇಳುತ್ತಾರೆ. ಕಾರಿನ ಕೀಲಿಯನ್ನು ನಾಗಮಣಿಯ ಅಂಗೈಯಲ್ಲಿಟ್ಟು, ತಾಯಿಯನ್ನು ಕರೆದುಕೊಂಡು ಟ್ಯಾಕ್ಸಿಯಲ್ಲಿ ಮನೆಗೆ ಹೊರಡುತ್ತಾರೆ.

ಸುಮುಖ್ ಏನು ಮಾಡುತ್ತಾರೆ? ಬ್ರಾಡ್‌ಫರ್ಡಿನ ಮಾತೇ ಎತ್ತದೆ ತಮ್ಮ ಟ್ರೆವಾನಿಯನ್ನು ಒಳಗೆ ತಂದು ನಿಲ್ಲಿಸುತ್ತಾರೆ. ಪಾಪ, ಅದೂ ಫೇಲು. ಟೈರಿನ ಒಳಅಂಚಿನಲ್ಲಿ ತಂತಿ ಕಾಣುತ್ತಿದೆ. "ಬಗ್ಗಿ ನೋಡಿ, ನಾನು ಹಚ್ಚಿದ್ದಲ್ಲ ಇದು" ಎಂದು ನಾಗಮಣಿ ಟಾರ್ಚನ್ನು ಅವರ ಕೈಗೇ ಕೊಡುತ್ತಾರೆ. ಸುಮುಖ್ ಬಗ್ಗಿ ನೋಡಿ, ಎದ್ದು, ಕಾರನ್ನು ಅಲ್ಲೇ ಬಿಟ್ಟು, ಮರುಪರೀಕ್ಷೆಗೆ ದಿನ ಗೊತ್ತುಮಾಡಿಕೊಂಡು ಹೋಗುತ್ತಾರೆ. ಉಳಿದ ಕಾರುಗಳೂ ಒಂದೊಂದಾಗಿ ಬರುತ್ತವೆ, ಯಾರೊಬ್ಬರೂ ಸರದಿ ಬಿಟ್ಟು ಹೋಗುವುದಿಲ್ಲ. ಸಂಜೆ ಕೊನೆಯ ಟ್ರೆವಾನಿ ಓಣಿ ದಾಟಿದ ಮೇಲೆ ಕೀತ್ ಎದ್ದು, ತಮ್ಮ ಮಗ್ಗನ್ನು ತಾವೇ ತೊಳೆದಿಟ್ಟು ಕೋಟು ಹಾಕಿಕೊಳ್ಳುತ್ತಾರೆ. "ಸೋಮವಾರ ಕಟ್ಟಡದ ಮಾಲೀಕನಿಗೆ ಫೋನ್ ಮಾಡುತ್ತೇನೆ. ಜಿಮ್ಮಿಗೆ ಬೇರೆ ಜಾಗ ನೋಡಿಕೊಳ್ಳಲಿ" ಎನ್ನುತ್ತಾರೆ. ಅಷ್ಟೇ ಅವರ ಭಾಷಣ. "ಅವರು ಆ ಕಡೆ ಹೋಗಿದ್ದೇ ತಡ, ಲಿಫ್ಟಿನ ಕಂಬ ಹಿಡ್ಕೊಂಡು ಜೋರಾಗಿ ಅತ್ತುಬಿಟ್ಟೆ" ಎಂದು ನಾಗಮಣಿ ಸಂಕೋಚವಿಲ್ಲದೆ ಹೇಳುತ್ತಾರೆ. "ಇಷ್ಟು ವರ್ಷದ್ದೆಲ್ಲ ಒಟ್ಟಿಗೇ ಬಂತು ಅನ್ಸುತ್ತೆ. ಮನೆಗೆ ಹೋದ್ರೆ ಸೃಷ್ಟಿ ಶವರ್ ಅಂತಲೂ ಹೇಳದೆ ತಬ್ಕೊಂಡ್ಳು."

ಜನವರಿಯಿಂದ ಗ್ಯಾರೇಜು ನಾಗಮಣಿಯದ್ದು. ದೊಡ್ಡ ಕನಸುಗಳೇನೂ ಇಲ್ಲ. ಲಿಫ್ಟಿನ ಪಕ್ಕ ಒಂದು ಒಳ್ಳೆಯ ಹೀಟರು ಹಾಕಿಸಬೇಕು, ಗಿರಾಕಿಗಳಿಗೆ ಬೆಂಚಿನ ಬದಲು ಬೆನ್ನಿಗೆ ಆಸರೆ ಇರುವ ಕುರ್ಚಿ ತರಬೇಕು. ಕನ್ನಡ ಕೂಟದ ಇಬ್ಬರು ಹೆಂಗಸರು ಫೋನ್ ಮಾಡಿ, ಮುಂದಿನ ವರ್ಷ ಕಾರಿಗೆ ಎಲ್ಲೆಲ್ಲಿ ಅರಿಶಿನ ಹಚ್ಚಬಹುದು ಎಂದು ಕೇಳಿದ್ದಾರೆ. ಬಾನೆಟ್ಟಿನ ಮೇಲೆ ಎಷ್ಟು ಬೇಕಾದರೂ ಹಚ್ಚಿ, ಚಕ್ರದ ತಂಟೆಗೆ ಹೋಗಬೇಡಿ ಎಂದು ನಾಗಮಣಿ ಉತ್ತರ ಕೊಟ್ಟಿದ್ದಾರೆ.

ಬುಧವಾರ ಡಾಕ್ಟರ ಕಾರಿನ ಮರುಪರೀಕ್ಷೆ. ಹೊಸ ಪ್ಯಾಡುಗಳನ್ನು ಕೀತ್ ಸ್ವತಃ ಕೂರಿಸಿದ್ದಾರೆ. ರೋಲರಿನ ಮೇಲೆ ಎರಡೂ ಮುಳ್ಳುಗಳು ಜೊತೆಜೊತೆಗೇ ಏರುತ್ತವೆ. ನಾಗಮಣಿ ಅಷ್ಟಕ್ಕೇ ಬಿಡದೆ ಮತ್ತೆರಡು ಸಲ ಒತ್ತಿ ನೋಡಿ ಪಾಸ್ ಮಾಡುತ್ತಾರೆ. ಶನಿವಾರ ತಪ್ಪಿದ ಸಾಲ್ಫರ್ಡ್ ಪ್ರಯಾಣ ಇವತ್ತು. ಚಿನ್ಮಯಿಗೆಂದು ಮಾಡಿದ ಚಕ್ಕುಲಿಯ ಡಬ್ಬಿ ಹಿಡಿದು ಚಂದ್ರಪ್ರಭಾ ಕಾರಿನ ಪಕ್ಕ ನಿಂತಿದ್ದಾರೆ. ಆಚೆ ಬೆಟ್ಟದ ಮೇಲೆ ಮೋಡ ಕವಿದಿದೆ. ಮಗ ಬಾಗಿಲು ತೆರೆದು ಹಿಡಿದು, "ಎಲ್ಲ ಸರಿಯಾಗಿದೆ, ಹತ್ತಮ್ಮ" ಎನ್ನುತ್ತಾರೆ. ಚಂದ್ರಪ್ರಭಾ ಹತ್ತುವುದಿಲ್ಲ. ಸುತ್ತಲೂ ನೋಡಿ, ಕೈ ಒರೆಸಿಕೊಳ್ಳುತ್ತಾ ಬರುತ್ತಿರುವ ನಾಗಮಣಿಯ ಕಡೆ ತಿರುಗುತ್ತಾರೆ.

"ಇವನು ಹೇಳಿದ್ರೆ ಆಗಲ್ಲ, ನೀನು ಹೇಳಮ್ಮ. ಧೈರ್ಯವಾಗಿ ಕೂರಬಹುದಾ ನಾನು?"

ನಾಗಮಣಿ ಅವರ ಕೈಯಿಂದ ಡಬ್ಬಿ ತೆಗೆದುಕೊಂಡು, ಇನ್ನೊಂದು ಕೈಯಲ್ಲಿ ಅವರ ತೋಳು ಹಿಡಿದು, ಮೆಲ್ಲಗೆ ಸೀಟಿಗಿಳಿಸುತ್ತಾರೆ.

"ಕೂತ್ಕೊಳ್ಳಿ ಅಮ್ಮ. ನಾನು ನೋಡಿದೀನಿ."